ಆರಿದ ಊಟ ಆರೋಗ್ಯಕ್ಕೆ ಎರವೇ?

ಬೆಳಿಗ್ಗೆ ಐದೂವರೆಗೆ ಒಲೆ ಹೊತ್ತುತ್ತದೆ. ಆರೂವರೆಯ ಹೊತ್ತಿಗೆ ಚಿತ್ರಾನ್ನವೋ ಚಪಾತಿ-ಪಲ್ಯವೋ ಡಬ್ಬಿ ಸೇರಿರುತ್ತದೆ. ಆ ಡಬ್ಬಿಯ ಮುಚ್ಚಳ ತೆರೆಯುವುದು ಮಧ್ಯಾಹ್ನ ಒಂದಕ್ಕೋ ಒಂದೂವರೆಗೋ. ಗಾರ್ಮೆಂಟ್ಸ್ ಬಸ್ಸು ಹತ್ತುವ ರಾಮನಗರ, ಮದ್ದೂರು ಕಡೆಯ ಹೆಣ್ಣುಮಕ್ಕಳು, ಕಟ್ಟಡ ಕೆಲಸದವರು, ಬಸ್ ಕಂಡಕ್ಟರುಗಳು, ಬ್ಯಾಂಕಿನ ಗುಮಾಸ್ತರು, ಕಾಲೇಜು ಹುಡುಗರು ಎಲ್ಲರೂ ವರ್ಷಗಟ್ಟಲೆ ಉಣ್ಣುತ್ತ ಬಂದಿರುವುದು ಆರಿದ ಊಟವನ್ನೇ. ಜೊತೆಗೆ ಒಂದು ಅಳುಕೂ ಇದೆ. ದಿನಾ ತಣ್ಣನೆಯದನ್ನು ಉಂಡು ಉಂಡು ಹೊಟ್ಟೆ ಕೆಡುತ್ತದೆ, ಮೈಯಲ್ಲಿ ವಾಯು ಸೇರುತ್ತದೆ, ಕೊನೆಗೆ ಏನಾದರೂ ದೊಡ್ಡ ರೋಗವೇ ಬಂದೀತು ಎಂದು ಮನೆಯ ಹಿರಿಯರು ಹೇಳುತ್ತಲೇ ಇರುತ್ತಾರೆ.

ಈ ಅಳುಕು ಇಂದು ನಿನ್ನೆಯದಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಊಟದ ನಿಯಮಗಳನ್ನು ಹೇಳುವಾಗ ಮೊದಲು ಬರುವುದೇ ಬಿಸಿಯಾದುದನ್ನು ಉಣ್ಣಬೇಕೆಂಬ ಮಾತು. ಬಿಸಿ ಊಟ ರುಚಿಸುತ್ತದೆ, ಜಠರಾಗ್ನಿಯನ್ನು ಎಬ್ಬಿಸುತ್ತದೆ, ಬೇಗ ಜೀರ್ಣವಾಗುತ್ತದೆ ಎಂಬುದು ಅದರ ವಿವರಣೆ. ಭಗವದ್ಗೀತೆಯ 17ನೆಯ ಅಧ್ಯಾಯವೂ ಬೇಯಿಸಿ ಒಂದು ಯಾಮ ಕಳೆದ, ಹಳಸಿದ ಆಹಾರವನ್ನು ತಾಮಸದ ಸಾಲಿಗೆ ಸೇರಿಸುತ್ತದೆ. ಚೀನಾದಲ್ಲಂತೂ ಕುಡಿಯುವ ನೀರೂ ಬಿಸಿಯಾಗಿಯೇ ಇರಬೇಕೆನ್ನುವವರು ಕೋಟಿಗಟ್ಟಲೆ ಇದ್ದಾರೆ. ಇಷ್ಟು ಜನ ಇಷ್ಟು ಕಾಲ ನಂಬಿದ್ದನ್ನು ಒಂದೇ ಮಾತಿಗೆ ತಳ್ಳಿಹಾಕುವುದು ಸರಿಯಲ್ಲ. ಹಾಗೆಂದು ಪರೀಕ್ಷಿಸದೆ ಒಪ್ಪಿಕೊಳ್ಳುವುದೂ ಸರಿಯಲ್ಲ.

ತಣ್ಣನೆಯ ತುತ್ತು ಒಳಗೆ ಹೋದಮೇಲೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. 1988ರಲ್ಲಿ ಬ್ರಿಟನ್ನಿನ ಸಂಶೋಧಕರು ಆರೋಗ್ಯವಂತರಿಗೆ ಕಿತ್ತಳೆ ರಸವನ್ನು 4, 37 ಮತ್ತು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಡಿಸಿ, ಜಠರದೊಳಗಿನ ಉಷ್ಣತೆಯನ್ನು ಗಮನಿಸಿದರು. ತಣ್ಣನೆಯ ರಸ ಮೊದಮೊದಲು ಜಠರದಿಂದ ನಿಧಾನವಾಗಿ ಕೆಳಗಿಳಿಯಿತು. ಆದರೆ 20ರಿಂದ 30 ನಿಮಿಷದೊಳಗೆ ಜಠರ ಮತ್ತೆ ಮೈಯ ಉಷ್ಣತೆಗೆ ಬಂದಿತ್ತು. ಊಟ ಪೂರ್ತಿ ಜೀರ್ಣವಾಗಲು ಹಲವು ಗಂಟೆಗಳೇ ಬೇಕು. ಆ ಲೆಕ್ಕದಲ್ಲಿ ತಣ್ಣನೆಯ ಊಟ ತಣ್ಣಗಿರುವುದು ತೀರ ಸ್ವಲ್ಪ ಹೊತ್ತು.

ಅದನ್ನು ಬೆಚ್ಚಗೆ ಮಾಡಲು ದೇಹಕ್ಕೆ ಬೀಳುವ ಖರ್ಚೂ ಅಷ್ಟೇ ಚಿಕ್ಕದು. ಫ್ರಿಜ್‌ನಿಂದ ಆಗತಾನೇ ತೆಗೆದ, 5 ಡಿಗ್ರಿಯಲ್ಲಿರುವ ಅರ್ಧ ಕಿಲೋ ಆಹಾರವನ್ನು 37 ಡಿಗ್ರಿಗೆ ತರಲು ಹೆಚ್ಚೆಂದರೆ 16 ಕಿಲೋಕ್ಯಾಲರಿ ಸಾಕು. ಒಂದು ತುತ್ತು ಅನ್ನದಲ್ಲಿ ಅಷ್ಟು ಶಕ್ತಿ ಇರುತ್ತದೆ. ಹಾಗಾಗಿ ತಣ್ಣನೆಯ ಊಟ ದೇಹವನ್ನು ಸೋಲಿಸುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ, ತಣ್ಣೀರು ಕುಡಿದು ತೂಕ ಇಳಿಸಬಹುದು ಎಂಬ ಆಸೆಯೂ ನಿಲ್ಲುವುದಿಲ್ಲ.

ಊಟದ ಜೊತೆ ತಣ್ಣೀರು ಕುಡಿದರೆ ಎಣ್ಣೆ-ಕೊಬ್ಬು ಹೊಟ್ಟೆಯಲ್ಲಿ ಗಟ್ಟಿಯಾಗಿ, ಕರುಳಿಗೆ ಮೆತ್ತಿಕೊಂಡು ಕ್ಯಾನ್ಸರ್ ಆಗುತ್ತದೆ ಎಂಬ ಸಂದೇಶ ವಾಟ್ಸ್ಯಾಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅದು ಸುಳ್ಳು. ತೆಂಗಿನೆಣ್ಣೆ 24-25 ಡಿಗ್ರಿಗೇ ಕರಗುತ್ತದೆ. ತುಪ್ಪವೂ ಮೈಯ ಬಿಸಿಗೆ ಕರಗಿಯೇ ಇರುತ್ತದೆ. ಮೇಲಾಗಿ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವ ಕೆಲಸ ಪಿತ್ತರಸದ್ದು. ಲೋಟದ ನೀರು ಎಷ್ಟು ತಣ್ಣಗಿತ್ತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ತಣ್ಣನೆಯದನ್ನು ತಿಂದಾಗ ಹೊಟ್ಟೆ ಹಿಡಿದಂತಾಗುತ್ತದೆ ಎನ್ನುವವರ ಮಾತು ಬರೀ ಭ್ರಮೆಯೇ? ಅಲ್ಲ. ಅನ್ನನಾಳದ ಕೆಳಬಾಗಿಲು ಸರಿಯಾಗಿ ಸಡಿಲಗೊಳ್ಳದ ಅಕಲೇಷಿಯಾ ಎಂಬ ಕಾಯಿಲೆ ಇದ್ದವರಿಗೆ ತಣ್ಣನೆಯದು ಎದೆನೋವನ್ನು ಹೆಚ್ಚಿಸಬಹುದು. ಕರುಳು ಸದಾ ಕಿರಿಕಿರಿ ಮಾಡುವ ಐಬಿಎಸ್ ಇದ್ದವರಲ್ಲಿ ಕೆಲವರಿಗೆ ತಣ್ಣೀರಿನಿಂದ ಹೊಟ್ಟೆನೋವು ಬೇಗ ಶುರುವಾಗುತ್ತದೆ. ಮೈಗ್ರೇನ್ ಇರುವವರಿಗೆ ಐಸ್ ನೀರಿನಿಂದ ತಲೆ ಸಿಡಿಯುವ ಸಂಭವ ಹೆಚ್ಚು. ಜಪಾನಿನ ವಸೇಡ ವಿಶ್ವವಿದ್ಯಾಲಯದ ಸಂಶೋಧಕರು 2020ರ ಸುಮಾರಿಗೆ 11 ಯುವಕರಿಗೆ ಅರ್ಧ ಲೀಟರ್ ನೀರನ್ನು ಬೇರೆ ಬೇರೆ ಉಷ್ಣತೆಯಲ್ಲಿ ಕುಡಿಸಿ, ಆಮೇಲೆ ಊಟಕ್ಕೆ ಬಿಟ್ಟರು. 2 ಡಿಗ್ರಿಯ ನೀರು ಕುಡಿದ ದಿನ ಜಠರದ ಅಲುಗಾಟ ಕಡಿಮೆಯಾಗಿತ್ತು. ಅವತ್ತು ಅವರು ಉಂಡದ್ದೂ ಕಡಿಮೆ: 37 ಡಿಗ್ರಿಯ ನೀರು ಕುಡಿದ ದಿನಕ್ಕಿಂತ ಶೇ 19ರಷ್ಟು, 60 ಡಿಗ್ರಿಯ ದಿನಕ್ಕಿಂತ ಶೇ 26ರಷ್ಟು. ಬಿಸಿ ಊಟ ಅಗ್ನಿಯನ್ನು ಎಬ್ಬಿಸುತ್ತದೆ ಎಂಬ ಚರಕನ ಮಾತಿಗೆ ಇಲ್ಲಿ ಸ್ವಲ್ಪ ಬೆಂಬಲ ಸಿಕ್ಕಂತಾಯಿತು. ಆದರೆ ಇದು ಆ ಹೊತ್ತಿನ ಅನುಭವದ ಮಾತು. ಹತ್ತಿಪ್ಪತ್ತು ವರ್ಷ ಒಂದು ಗುಂಪಿಗೆ ತಣ್ಣನೆಯ ಊಟ, ಇನ್ನೊಂದಕ್ಕೆ ಬಿಸಿಯೂಟ ಹಾಕಿ, ಯಾರಿಗೆ ಯಾವ ರೋಗ ಬಂತೆಂದು ನೋಡುವುದು ಪ್ರಯೋಗಶಾಲೆಗೆ ಆಗುವ ಕೆಲಸವಲ್ಲ.

ಪ್ರಯೋಗಶಾಲೆಗೆ ಆಗದ್ದನ್ನು ಕೆಲವು ಸಮಾಜಗಳ ಬದುಕಿನಲ್ಲಿ ನೋಡಬಹುದು. ಜರ್ಮನಿಯ ಬಹಳಷ್ಟು ಮನೆಗಳಲ್ಲಿ ರಾತ್ರಿಯ ಊಟಕ್ಕೆ ಒಲೆಯನ್ನೇ ಹಚ್ಚುವುದಿಲ್ಲ. ಬ್ರೆಡ್ಡು, ಚೀಸು, ತಣ್ಣನೆಯ ಮಾಂಸದ ಹೋಳು, ಸೌತೆಯ ಉಪ್ಪಿನಕಾಯಿ ಇಷ್ಟೇ. ಜಪಾನಿನ ಬೆಂತೊ ಡಬ್ಬಿಯ ಅನ್ನವನ್ನು ಆರಿಸಿದ ಮೇಲೆಯೇ ಮುಚ್ಚಳ ಹಾಕುವುದು, ತಣ್ಣಗೇ ತಿನ್ನುವುದು. ಈ ದೇಶಗಳ ಜನರ ಸರಾಸರಿ ಆಯಸ್ಸು 80 ದಾಟಿದೆ.

ಎಲ್ಲಕ್ಕಿಂತ ಕುತೂಹಲಕರವಾದದ್ದು ನಾರ್ವೆಯ ಕಥೆ. ಅಲ್ಲಿನ ರಾಜಧಾನಿಯ ಬಡ ಮಕ್ಕಳಿಗೆ 19ನೆಯ ಶತಮಾನದ ಕೊನೆಯಿಂದಲೂ ಶಾಲೆಯಲ್ಲಿ ಬಿಸಿಯೂಟ ಸಿಗುತ್ತಿತ್ತು. ಶಾಲಾ ವೈದ್ಯರಾಗಿದ್ದ ಕಾರ್ಲ್ ಶಿಯೊಟ್ಸ್ ಆ ಊಟವನ್ನು ಪರೀಕ್ಷಿಸಿದರು. ಬಿಸಿ ಇದ್ದುದೇನೋ ನಿಜ, ಬೆಳೆಯುವ ಮಕ್ಕಳಿಗೆ ಬೇಕಾದ ವಿಟಮಿನ್ನು, ಖನಿಜ ಮಾತ್ರ ಸಾಲದು ಎಂದು ಅವರಿಗೆ ಅನ್ನಿಸಿತು. 1930ರ ದಶಕದ ಆರಂಭದಲ್ಲಿ ಬಿಸಿಯೂಟದ ಜಾಗಕ್ಕೆ ಬೆಳಗಿನ ತಣ್ಣನೆಯ ಊಟ ಬಂತು: ಇಡೀ ಧಾನ್ಯದ ಹಿಟ್ಟಿನ ಬ್ರೆಡ್ಡು, ಚೀಸು, ಹಾಲು, ಹಸಿ ಗಜ್ಜರಿ, ಅರ್ಧ ಸೇಬೋ ಕಿತ್ತಳೆಯೋ, ಚಳಿಗಾಲದಲ್ಲಿ ಒಂದಿಷ್ಟು ಕಾಡ್ ಮೀನಿನೆಣ್ಣೆ. ಒಲೆಯೂ ಬೇಡ, ಅಡುಗೆಯವರೂ ಬೇಡ. ಮಕ್ಕಳು ಚೆನ್ನಾಗಿ ಬೆಳೆದರೆಂಬ ವರದಿಗಳು ಬಂದವು. ‘ಓಸ್ಲೊ ಬ್ರೇಕ್‌ಫಾಸ್ಟ್’ ಎಂದು ಅದು ಹೊರದೇಶಗಳಲ್ಲೂ ಹೆಸರಾಯಿತು. ಮುಂದೆ ಶಾಲೆ ಕೊಡುವುದು ನಿಂತು, ಮನೆಯಿಂದ ಕಟ್ಟಿಕೊಂಡು ಹೋಗುವ ತಣ್ಣನೆಯ ಬ್ರೆಡ್ಡಿನ ಬುತ್ತಿ ಇಡೀ ದೇಶದ ಮಧ್ಯಾಹ್ನದ ಊಟವಾಯಿತು. ಹಿಮ ಬೀಳುವ ನಾಡಿನ ಜನ ಮೂರ್ನಾಲ್ಕು ತಲೆಮಾರುಗಳಿಂದ ಮಧ್ಯಾಹ್ನ ತಣ್ಣನೆಯದನ್ನು ತಿಂದು, ಜಗತ್ತಿನಲ್ಲೇ ಹೆಚ್ಚು ಕಾಲ ಬಾಳುವವರ ಸಾಲಿನಲ್ಲಿದ್ದಾರೆ.

ತಣ್ಣನೆಯ ಊಟದಿಂದ ಅವರ ಆಯಸ್ಸು ಬೆಳೆಯಿತು ಎಂದು ಇದರ ಅರ್ಥವಲ್ಲ. ಅವರ ಆಸ್ಪತ್ರೆ, ವರಮಾನ, ಶುದ್ಧ ನೀರು ಎಲ್ಲವೂ ಈ ಲೆಕ್ಕದಲ್ಲಿವೆ. ಆರಿದ ಊಟವೇ ವಿಷವಾಗಿದ್ದರೆ ಇಷ್ಟು ಹೊತ್ತಿಗೆ ಅದು ಅಲ್ಲಿ ಕಾಣಿಸಿಕೊಳ್ಳಬೇಕಿತ್ತು, ಕಾಣಿಸಿಲ್ಲ ಎಂಬುದಷ್ಟೇ ಮಾತು. ಜರ್ಮನ್ನರ ತಣ್ಣನೆಯ ತಟ್ಟೆಯಲ್ಲಿ ಕಾಳಜಿಗೆ ಕಾರಣವಾಗಿರುವುದು ಸಂಸ್ಕರಿಸಿದ ಮಾಂಸ. ದಿನಕ್ಕೆ 50 ಗ್ರಾಂ ಅಂಥ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ಅದೇ ಮಾಂಸವನ್ನು ಬಿಸಿ ಮಾಡಿ ತಿಂದರೂ ಈ ಮಾತಿನಲ್ಲಿ ಬದಲಾವಣೆಯಿಲ್ಲ.

ಬಿಸಿಯ ಪರವಾಗಿ ವಾದಿಸುವವರು ಇನ್ನೊಂದನ್ನೂ ನೋಡಬೇಕು. 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನು ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತದೆ ಎಂದು ಅದೇ ವಿಭಾಗ 2016ರಲ್ಲಿ ಪ್ರಕಟಿಸಿತು. ಇರಾನಿನ ಗೊಲೆಸ್ತಾನ್ ಪ್ರಾಂತದಲ್ಲಿ ಕುದಿಕುದಿ ಚಹಾ ಕುಡಿಯುವವರ ಮೇಲೆ ನಡೆದ ಅಧ್ಯಯನಗಳು ಆ ತೀರ್ಮಾನಕ್ಕೆ ಒದಗಿದ ಪುರಾವೆಗಳಲ್ಲಿ ಮುಖ್ಯವಾದವು. ತಿನ್ನುವ-ಕುಡಿಯುವ ಪದಾರ್ಥದ ಉಷ್ಣತೆಯೇ ದೀರ್ಘಕಾಲದ ರೋಗಕ್ಕೆ ನೇರ ಕಾರಣ ಎಂದು ಹೇಳಬಹುದಾದ ಗಟ್ಟಿ ಪುರಾವೆ ಇರುವುದು ಅತಿ ಬಿಸಿಯ ವಿರುದ್ಧವೇ.

ಇನ್ನು ಅನ್ನದ ವಿಷಯ. ಇಲ್ಲಿ ಆರುವುದರಿಂದ ಲಾಭವೇ ಇದೆ. ಅಕ್ಕಿ ಬೇಯುವಾಗ ಅದರ ಪಿಷ್ಟದ ಕಣಗಳು ನೀರು ಕುಡಿದು, ಉಬ್ಬಿ, ಸಡಿಲಾಗುತ್ತವೆ. ಆಗ ಅವು ಸುಲಭವಾಗಿ ಜೀರ್ಣವಾಗಿ ಸಕ್ಕರೆಯಾಗುತ್ತವೆ. ಅನ್ನ ಆರುತ್ತಿದ್ದಂತೆ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಹೆಣೆದುಕೊಳ್ಳುತ್ತವೆ. ನಿನ್ನೆಯ ಅನ್ನ ಉದುರುದುರಾಗಿ, ಗಟ್ಟಿಯಾಗಿರುವುದು ಇದರಿಂದಲೇ. ಹೀಗೆ ಹೆಣೆದುಕೊಂಡ ಪಿಷ್ಟದ ಒಂದು ಭಾಗ ಸಣ್ಣ ಕರುಳಿನ ಕಿಣ್ವಗಳಿಗೆ ಸಿಕ್ಕದೆ, ನಾರಿನ ಹಾಗೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಇಂಡೊನೇಷ್ಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಆಗತಾನೇ ಮಾಡಿದ 100 ಗ್ರಾಂ ಬಿಳಿ ಅನ್ನದಲ್ಲಿ ಇಂಥ ಪಿಷ್ಟ 0.64 ಗ್ರಾಂ ಇತ್ತು. ಫ್ರಿಜ್‌ನಲ್ಲಿ 24 ಗಂಟೆ ಇಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ ಅದು 1.65 ಗ್ರಾಂ ಆಗಿತ್ತು. ಅದನ್ನು ಉಂಡವರ ರಕ್ತದಲ್ಲಿ ಸಕ್ಕರೆ ಏರಿದ್ದೂ ಕಡಿಮೆ.

ಇಂಥ ಪಿಷ್ಟದ ಬಗ್ಗೆ ದೀರ್ಘಕಾಲದ ಪುರಾವೆಯೂ ಒಂದಿದೆ. ಕ್ಯಾನ್ಸರಿನ ಅಪಾಯವನ್ನು ಹುಟ್ಟಿನಿಂದಲೇ ಹೊತ್ತು ಬಂದ, ಲಿಂಚ್ ಸಿಂಡ್ರೋಮ್ ಇರುವ ಸುಮಾರು ಸಾವಿರ ಜನರಿಗೆ ಸರಾಸರಿ ಎರಡು ವರ್ಷ ದಿನವೂ 30 ಗ್ರಾಂ ಇಂಥ ಪಿಷ್ಟವನ್ನೋ ಸಾದಾ ಪುಡಿಯನ್ನೋ ಕೊಟ್ಟು, ಮುಂದೆ ಹತ್ತಕ್ಕೂ ಹೆಚ್ಚು ವರ್ಷ ಅವರನ್ನು ಗಮನಿಸಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪಿಷ್ಟ ತಿಂದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಏನೂ ಕಡಿಮೆಯಾಗಿರಲಿಲ್ಲ. ಬೇರೆ ಅಂಗಗಳ ಕ್ಯಾನ್ಸರ್ ಮಾತ್ರ ಶೇ 60ಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಆದರೆ 30 ಗ್ರಾಂ ಎಲ್ಲಿ, ಆರಿದ ಅನ್ನದ ಒಂದೂವರೆ ಗ್ರಾಂ ಎಲ್ಲಿ! ಸಕ್ಕರೆ ಕಾಯಿಲೆ ಇರುವವರು ‘ತಂಗಳನ್ನ ಒಳ್ಳೆಯದಂತೆ’ ಎಂದು ಎರಡು ಸೌಟು ಹೆಚ್ಚಿಗೆ ಬಡಿಸಿಕೊಂಡರೆ ಬಂದ ಲಾಭವೂ ಹೋಗುತ್ತದೆ.

ತಂಗಳನ್ನದ ಸುತ್ತ ಈಗ ಉತ್ಪ್ರೇಕ್ಷೆಯೂ ಬೆಳೆಯುತ್ತಿದೆ. ರಾತ್ರಿ ನೀರು ಹಾಕಿಟ್ಟ 100 ಗ್ರಾಂ ಅನ್ನದ ಕಬ್ಬಿಣ 3.4 ಮಿಲಿಗ್ರಾಂನಿಂದ 73.91 ಮಿಲಿಗ್ರಾಂಗೆ ಏರುತ್ತದೆ ಎಂಬ ಅಂಕಿ ಎಲ್ಲೆಡೆ ಹರಿದಾಡುತ್ತಿದೆ. ಕಬ್ಬಿಣ ಒಂದು ಮೂಲಧಾತು. ಅನ್ನದ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಅದನ್ನು ಹುಟ್ಟಿಸಲಾರದು. ಹುಳಿ ಬಂದಾಗ ಧಾನ್ಯದಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಒಡೆದು, ಇದ್ದ ಕಬ್ಬಿಣವೇ ದೇಹಕ್ಕೆ ಸ್ವಲ್ಪ ಹೆಚ್ಚು ಒದಗಬಹುದು. ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಹೊಲಕ್ಕೆ ಹೋಗುತ್ತಿದ್ದವರ ಊಟ, ಒಡಿಶಾದ ಪಖಾಳ, ಬಂಗಾಳದ ಪಾಂತಾ ಭಾತ್, ತಮಿಳುನಾಡಿನ ಪಳೈಯ ಸೋರು, ಇವುಗಳ ನಿಜವಾದ ಗುಣ ಹೇಳಲು ಸುಳ್ಳು ಅಂಕಿಗಳ ಆಸರೆ ಬೇಕಿಲ್ಲ.

ಇಷ್ಟೆಲ್ಲ ಇದ್ದೂ ಆರಿದ ಊಟದಲ್ಲಿ ಅಪಾಯವಿದೆ. ಅದು ಇರುವುದು ಆರುವ ದಾರಿಯಲ್ಲಿ, ಬಿಸಿಯಿಂದ ತಣ್ಣಗಾಗುವ ಆ ಗಂಟೆಗಳಲ್ಲಿ. 60 ಡಿಗ್ರಿಯ ಮೇಲೆ ರೋಗಾಣುಗಳು ಬೆಳೆಯಲಾರವು. 5 ಡಿಗ್ರಿಯ ಕೆಳಗೆ ಬಹುತೇಕ ಸುಮ್ಮನಿರುತ್ತವೆ. ನಡುವಿನ ಉಷ್ಣತೆ, ಅದರಲ್ಲೂ ನಮ್ಮ ಅಡುಗೆಮನೆಯ 28-35 ಡಿಗ್ರಿ, ಅವುಗಳಿಗೆ ಹೇಳಿ ಮಾಡಿಸಿದ್ದು.

ಅನ್ನದಲ್ಲಿ ಮುಖ್ಯ ಪಾತ್ರ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ್ದು. ಗದ್ದೆಯ ಮಣ್ಣಿನಿಂದ ಅಕ್ಕಿಯೊಂದಿಗೆ ಬರುವ ಇದರ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಅವು ಮೊಳೆತು, ಬೆಳೆದು, ವಾಂತಿ ತರಿಸುವ ಒಂದು ವಿಷವನ್ನು ಸುರಿಸುತ್ತವೆ. ಆ ವಿಷ 121 ಡಿಗ್ರಿಯಲ್ಲಿ ಗಂಟೆಗೂ ಮೀರಿ ಬೇಯಿಸಿದರೂ ಉಳಿಯುತ್ತದೆ. ‘ಇನ್ನೊಮ್ಮೆ ಚೆನ್ನಾಗಿ ಕುದಿಸಿಬಿಟ್ಟರೆ ಸರಿಹೋಗುತ್ತದೆ’ ಎಂಬ ಮನೆಮನೆಯ ನಂಬಿಕೆ ಇಲ್ಲಿ ಕೈಕೊಡುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಸಾಲುಸಾಲಾಗಿ ಕಾಯಿಲೆ ಬಿದ್ದಾಗ ಈ ವಿಷಯ ಬೆಳಕಿಗೆ ಬಂತು. ಫ್ರಿಜ್‌ನಲ್ಲಿಟ್ಟರೆ ಅನ್ನ ಗಂಟು ಕಟ್ಟುತ್ತದೆ ಎಂದು ರಾತ್ರಿಯಿಡೀ ಹೊರಗೆ ಬಿಟ್ಟು, ಮರುದಿನ ಬಾಣಲೆಗೆ ಹಾಕುತ್ತಿದ್ದರು. 2008ರಲ್ಲಿ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗೇ ಇದ್ದ ಸ್ಪಗೆಟ್ಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದು, ಮರುದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡ. ಇಂಥ ಸಾವು ಬಹಳ ಅಪರೂಪ. ಆದರೆ ಬಿಸಿ ಮಾಡಿಯೇ ತಿಂದಿದ್ದ ಎಂಬುದನ್ನು ಮರೆಯಬಾರದು.

ಮದುವೆಮನೆ, ಹಾಸ್ಟೆಲ್ಲುಗಳ ದೊಡ್ಡ ಹಂಡೆಯ ಸಾಂಬಾರು, ಮಾಂಸದ ಸಾರು ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಪ್ರಿಯ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಹಂಡೆ ಮೇಲೆ ಆರಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಫ್ರಿಜ್‌ನ ತಂಪಿಗೂ ಜಗ್ಗದ ಲಿಸ್ಟೀರಿಯಾ ಎಂಬುದೊಂದಿದೆ. 2017-18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತಣ್ಣಗೇ ತಿನ್ನುವ ಮಾಂಸದ ತಿನಿಸೊಂದರಿಂದ ಅದು ಹಬ್ಬಿ, ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 200ಕ್ಕೂ ಹೆಚ್ಚು ಮಂದಿ ಸತ್ತರು. ಬಸುರಿಯರು ಮತ್ತು ನವಜಾತ ಶಿಶುಗಳಿಗೆ ಇದರ ಪೆಟ್ಟು ಹೆಚ್ಚು. ಬಸುರಿಗೆ ಬಿಸಿಬಿಸಿಯಾದುದನ್ನೇ ಬಡಿಸಬೇಕೆನ್ನುವ ಮನೆಯ ಹಿರಿಯರ ಹಟಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ವಾಂತಿ-ಭೇದಿ ಎರಡು ದಿನದಲ್ಲಿ ನಿಂತುಹೋಗುತ್ತದಲ್ಲ, ದೀರ್ಘಕಾಲದ ಆರೋಗ್ಯಕ್ಕೂ ಇದಕ್ಕೂ ಏನು ನಂಟು? ನಂಟಿದೆ. ಕರುಳಿನ ಸೋಂಕಿಗೆ ಒಳಗಾದವರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಆಮೇಲೆ ಐಬಿಎಸ್ ಅಂಟಿಕೊಳ್ಳುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ತಿಳಿದಿದೆ. ಹೊಟ್ಟೆನೋವು, ಉಬ್ಬರ, ಹೊತ್ತುಗೊತ್ತಿಲ್ಲದ ಶೌಚ ವರ್ಷಗಟ್ಟಲೆ ಕಾಡಬಹುದು. ‘ತಂಗಳು ತಿಂದು ತಿಂದು ಹೊಟ್ಟೆ ಕೆಟ್ಟಿತು’ ಎನ್ನುವ ಹಿರಿಯರ ಮಾತಿನ ಹಿಂದೆ ಇಂಥ ಅನುಭವ ಇದ್ದಿರಲೂಬಹುದು.

ಹಾಗಾದರೆ ಬೆಳಿಗ್ಗೆ ಆರೂವರೆಗೆ ಕಟ್ಟಿದ ಡಬ್ಬಿಯನ್ನು ಒಂದೂವರೆಗೆ ತೆರೆಯುವವರೆಲ್ಲ ದಿನಾ ಕಾಯಿಲೆ ಬೀಳುವುದಿಲ್ಲವೇಕೆ? ಉತ್ತರ ಡಬ್ಬಿಯ ಒಳಗೇ ಇದೆ. ದೂರದ ದಾರಿಗೆ, ದಿನವಿಡೀ ದುಡಿಮೆಗೆ ಈ ನಾಡು ಕಟ್ಟಿಕೊಟ್ಟ ಬುತ್ತಿಯನ್ನು ಗಮನಿಸಿದರೆ ಅದರಲ್ಲಿ ಬೇಗ ಕೆಡುವಂಥದ್ದು ಕಡಿಮೆ. ಹುಣಸೆಹುಳಿಯ ಪುಳಿಯೋಗರೆ, ನಿಂಬೆ ಹಿಂಡಿದ ಚಿತ್ರಾನ್ನ, ಮೊಸರನ್ನ, ಇವೆಲ್ಲ ಹುಳಿಯ ಊಟಗಳು. ಹುಳಿ ಸಾಕಷ್ಟಿದ್ದಲ್ಲಿ ಬ್ಯಾಸಿಲಸ್ ಸಿರಿಯಸ್ ತಲೆ ಎತ್ತಲಾರದು. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯಲ್ಲಿ ನೀರಿನಂಶವೇ ಇಲ್ಲದಷ್ಟು ಕಡಿಮೆ, ಹಾಗಾಗಿ ಅದು ವಾರಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿಗಳೂ ಒಣಗಿದವು ಇಲ್ಲವೇ ಉಪ್ಪು, ಖಾರ, ಎಣ್ಣೆಯಲ್ಲಿ ಮುಳುಗಿದವು. ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೊತ್ತೊಯ್ಯುವ ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಹೋಳಿಗೆ ಇದ್ದು, ಊರಿಗೆ ಊರೇ ಆರಿದ್ದನ್ನೇ ಉಣ್ಣುತ್ತದೆ. ಬ್ಯಾಕ್ಟೀರಿಯಾದ ಹೆಸರು ತಿಳಿಯದೆಯೂ ಅಜ್ಜಿಯರು ಯಾವುದನ್ನು ಕಟ್ಟಿಕೊಡಬಹುದು, ಯಾವುದನ್ನು ಅಲ್ಲೇ ಉಂಡು ಮುಗಿಸಬೇಕು ಎಂಬುದನ್ನು ಗಟ್ಟಿಯಾಗಿ ತಿಳಿದಿದ್ದರು. ಈ ತಿಳಿವಳಿಕೆ ಕರಗುತ್ತಿರುವುದು ಬೇಸರದ ಸಂಗತಿ. ಇಂದಿನ ಡಬ್ಬಿಗೆ ಪನೀರ್ ಮಸಾಲೆ, ತೆಂಗಿನಕಾಯಿ ರುಬ್ಬಿ ಹಾಕಿದ ಕೂಟು, ಮೊಟ್ಟೆ ಸೇರಿಸಿದ ಫ್ರೈಡ್ ರೈಸ್ ಬಂದಿವೆ. ಇವು ರುಚಿಯೇನೋ ಹೌದು, ಬೇಸಿಗೆಯ ಏಳು ಗಂಟೆ ತಾಳುವಂಥವಲ್ಲ.

ಉಳಿದ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಡದೆ ಅಗಲವಾದ ತಟ್ಟೆಗೆ ಹರವಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು, ಮರುದಿನದೊಳಗೆ ಮುಗಿಸಬೇಕು. ಸಾಂಬಾರನ್ನು ಎರಡು-ಮೂರು ಸಣ್ಣ ಪಾತ್ರೆಗೆ ಹಂಚಿದರೆ ಬೇಗ ಆರುತ್ತದೆ. ಮತ್ತೆ ಬಿಸಿ ಮಾಡುವುದಾದರೆ ಬೇಕಾದಷ್ಟನ್ನೇ ತೆಗೆದು, ಒಂದೇ ಸಲ, ನಡುವಿನವರೆಗೂ ಹಬೆಯಾಡುವ ಹಾಗೆ ಬಿಸಿ ಮಾಡಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಅಂಥ ಮನೆಗಳಿಗೆ ಬಿಸಿಯಾಗಿ ಮಾಡಿ ಬಿಸಿಯಾಗಿಯೇ ಉಣ್ಣುವುದೇ ಸುರಕ್ಷತೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲಾ ಮಕ್ಕಳಿಗೆ ಒಣ ಧಾನ್ಯ ಹಂಚುವ ಬದಲು ಬೇಯಿಸಿದ ಊಟ ಬಡಿಸಬೇಕೆಂದು ಆದೇಶಿಸಿದ್ದರಿಂದ ಈ ನಾಡಿನ ಮಕ್ಕಳಿಗೆ ದೊಡ್ಡ ಉಪಕಾರವಾಯಿತು. ಓಸ್ಲೊ ನಗರಕ್ಕೆ ತಣ್ಣನೆಯ ಊಟ ಹೊಂದಿದ್ದು ಅಲ್ಲಿನ ಹವೆಯಿಂದ, ಅಲ್ಲಿ ಸಿಗುತ್ತಿದ್ದ ಹಾಲು-ಹಣ್ಣಿನಿಂದ. ರಾಯಚೂರಿನ ಏಪ್ರಿಲ್‌ಗೆ ಅದು ಹೊಂದುವುದಿಲ್ಲ.

ಆರಿದ ಊಟದ ಮಾತು ಬಂದಾಗ ಅದನ್ನು ದಿನವೂ ಉಣ್ಣುವವರು ಯಾರು ಎಂದೂ ಕೇಳಬೇಕು. ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳು ಮನೆಯ ಹೆಣ್ಣುಮಗಳು. ನಿನ್ನೆಯದು ಉಳಿದಿದ್ದರೆ ‘ಚೆಲ್ಲುವುದೇಕೆ’ ಎಂದು ಮೊದಲು ತಟ್ಟೆಗೆ ಹಾಕಿಕೊಳ್ಳುವವಳೂ ಅವಳೇ. ಅವಳ ಆರೋಗ್ಯವನ್ನು ಕೆಡಿಸುತ್ತಿರುವುದು ಆ ಊಟದ ತಂಪಲ್ಲ. ಅಷ್ಟು ಹೊತ್ತಿಗೆ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಮುಗಿದು, ಅನ್ನವೂ ತಿಳಿಸಾರೂ ಮಾತ್ರ ಉಳಿದಿರುತ್ತವೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸಾರನ್ನು ಮತ್ತೆ ಬಿಸಿ ಮಾಡಿಕೊಟ್ಟರೆ ಈ ಅಂಕಿ ಇಳಿಯುವುದಿಲ್ಲ. ಅವಳ ಪಾಲಿನ ಕಾಳು, ಸೊಪ್ಪನ್ನು ಮೊದಲೇ ತೆಗೆದಿಟ್ಟರೆ, ಎಲ್ಲರ ಜೊತೆಗೆ ಅವಳೂ ಉಣ್ಣಲು ಕೂತರೆ ಇಳಿದೀತು. ಕಾರ್ಖಾನೆಗಳಲ್ಲೂ ಕೆಲಸ ಬಾಕಿ ಇದೆ. ಊಟದ ಕೋಣೆಯಲ್ಲಿ ಒಂದು ಫ್ರಿಜ್, ಡಬ್ಬಿ ಬಿಸಿ ಮಾಡಿಕೊಳ್ಳಲು ಒಂದು ಯಂತ್ರ, ಕೈ ತೊಳೆಯಲು ಸೋಪು-ನೀರು, ಅವಸರವಿಲ್ಲದೆ ಉಣ್ಣಲು ಅರ್ಧ ಗಂಟೆ: ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆ ಮಾಡಿ ಬಂದವಳಿಗೆ ಇಷ್ಟನ್ನಾದರೂ ಒದಗಿಸುವುದು ಕಾರ್ಖಾನೆಯ ಹೊಣೆ.